ಘೇಂಡಾಮೃಗಕ್ಕೆ ಹೆಸರುಂಟು, ಹೆಣಕ್ಕಿಲ್ಲ

ಹಳೆಯ ಅಂಗರಚನಾ ಚಿತ್ರಗಳಿಗೆ ಈಗ ಶುಕ್ರದೆಸೆ. ಚರ್ಮ ಸುಲಿದ ಮೈ, ಚಿಂತೆಗೆ ಬಿದ್ದ ಅಸ್ಥಿಪಂಜರ, ಸೀಳಿ ತೆರೆದ ಗರ್ಭಕೋಶ ಇವೆಲ್ಲ ಕಾಫಿ ಅಂಗಡಿಯ ಗೋಡೆಗೆ, ಟೀ ಶರ್ಟಿನ ಎದೆಗೆ, ಮೊಬೈಲಿನ ಕವಚಕ್ಕೆ ಏರಿವೆ. ದಪ್ಪ ರಟ್ಟಿನ, ನುಣುಪು ಹಾಳೆಯ ಸಂಪುಟಗಳಲ್ಲಿ ಮರುಮುದ್ರಣಗೊಳ್ಳುತ್ತಿವೆ. ಆ ಸಂಪುಟಗಳಿಗೆ ಮುನ್ನುಡಿ ಬರೆಯುವವರದು ಒಂದೇ ರಾಗ: ವಿಜ್ಞಾನವೂ ಕಲೆಯೂ ಕೈಹಿಡಿದು ನಡೆದ ಸುವರ್ಣಯುಗವಂತೆ, ಮನುಷ್ಯದೇಹದ ಸೌಂದರ್ಯಕ್ಕೆ ಸಂದ ಕಾಣಿಕೆಯಂತೆ, ದೇಶಕಾಲಗಳನ್ನು ಮೀರಿದ ಕೃತಿಗಳಂತೆ. ನಡುವೆ ಯಾರಾದರೂ ಮೆಲ್ಲಗೆ ‘ಇದು ಯಾರ ಮೈ?’ ಎಂದು ಕೇಳಿದರೆ ಉತ್ತರ ಸಿದ್ಧವಾಗಿದೆ: ಕಲೆಯನ್ನು ಕಲೆಯಾಗಿ ನೋಡಿ ಸ್ವಾಮಿ, ಎಲ್ಲದಕ್ಕೂ ತಕರಾರು ತೆಗೆಯಬೇಡಿ.

ತಕರಾರು ತೆಗೆಯಲೇಬೇಕು. ಈ ಚಿತ್ರಗಳ ವಿಷಯದಲ್ಲಿ ‘ಕಲೆ’ ಎನ್ನುವುದು ಕದ್ದ ಮಾಲಿಗೆ ಬರೆದುಕೊಟ್ಟ ರಸೀದಿಯಾಗಿದೆ. ಚಿತ್ರ ಬರೆದವನ ಕೈಚಳಕಕ್ಕೆ ಬೆರಗಾಗುತ್ತೇವೆ, ಬರೆಸಿದ ವೈದ್ಯನ ಧೈರ್ಯಕ್ಕೆ ತಲೆದೂಗುತ್ತೇವೆ, ಅಚ್ಚು ಹಾಕಿದವನ ನಾಜೂಕನ್ನೂ ಮೆಚ್ಚುತ್ತೇವೆ. ಮೇಜಿನ ಮೇಲೆ ಮಲಗಿದ್ದವರನ್ನು ಮಾತ್ರ ಕೇಳುವುದಿಲ್ಲ. ಅವರಿಲ್ಲದೆ ಈ ಚಿತ್ರಗಳಲ್ಲಿ ಒಂದು ಗೆರೆಯೂ ಮೂಡುತ್ತಿರಲಿಲ್ಲ. ಅವರಲ್ಲಿ ಬಹುಪಾಲು ಜನರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಕೇಳಿದ್ದರೆ ಬೇಡವೆನ್ನುತ್ತಿದ್ದರು ಎಂಬುದು ಕೊಯ್ದವರಿಗೂ ಗೊತ್ತಿತ್ತು.

ಈ ಪರಂಪರೆಯ ಮೂಲಗ್ರಂಥದಿಂದಲೇ ಶುರು ಮಾಡೋಣ. ಅಂಗರಚನೆಯ ವೈದ್ಯ ಆಂಡ್ರಿಯಾಸ್ ವೆಸಾಲಿಯಸ್ 1543ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚು ಹಾಕಿಸಿದ ‘ಡಿ ಹ್ಯೂಮಾನಿ ಕಾರ್ಪೊರಿಸ್ ಫ್ಯಾಬ್ರಿಕಾ’ ಅದು. ಸ್ನಾಯುಗಳನ್ನು ಪದರ ಪದರವಾಗಿ ಬಿಚ್ಚಿಕೊಂಡ ಗಂಡಸರು ಅದರ ಮರದಚ್ಚಿನ ಚಿತ್ರಗಳಲ್ಲಿ ಗುಡ್ಡ, ಹೊಳೆ, ಊರುಗಳ ಮುಂದೆ ರಾಜಠೀವಿಯಿಂದ ನಿಂತಿದ್ದಾರೆ. ಅಸ್ಥಿಪಂಜರವೊಂದು ಸಮಾಧಿಗೆ ಮೊಣಕೈ ಊರಿ, ತಲೆಬುರುಡೆಯ ಮೇಲೆ ಕೈಯಿಟ್ಟು ಜ್ಞಾನಿಯ ಹಾಗೆ ಯೋಚಿಸುತ್ತಿದೆ. ಸುಮಾರು ಐದು ಶತಮಾನಗಳಿಂದ ಕಲಾವಿಮರ್ಶಕರು ಕೊಂಡಾಡುತ್ತಿರುವುದು ಇದನ್ನೇ: ಸತ್ತ ಮೈಗೆ ಚಿತ್ರಕಾರ ಜೀವ ತುಂಬಿದ!

ಚಿತ್ರ ಬಿಟ್ಟು ಅದೇ ಪುಸ್ತಕದ ಮಾತಿನ ಭಾಗಕ್ಕೆ ಬನ್ನಿ. ಲೂವೆನ್ ಊರಿನ ಹೊರಗೆ ಗಲ್ಲುಗಂಬದಲ್ಲಿ ನೇತಾಡುತ್ತಿದ್ದ ಶವವನ್ನು ತಾನು ಕದ್ದದ್ದನ್ನು, ಮೂಳೆಗಳನ್ನು ಗುಟ್ಟಾಗಿ ಮನೆಗೆ ಸಾಗಿಸಿದ್ದನ್ನು, ಆಮೇಲೆ ಪ್ಯಾರಿಸ್ಸಿನಿಂದ ತಂದದ್ದೆಂದು ಜನರನ್ನು ನಂಬಿಸಿದ್ದನ್ನು ವೆಸಾಲಿಯಸ್ ತಾನೇ ಬರೆದುಕೊಂಡಿದ್ದಾನೆ. ಪಡುವಾದಲ್ಲಿ ಸನ್ಯಾಸಿಯೊಬ್ಬನ ಪ್ರೇಯಸಿ ಸತ್ತಾಗ ವಿದ್ಯಾರ್ಥಿಗಳು ಅವಳನ್ನು ಗೋರಿಯಿಂದಲೇ ಎತ್ತಿಕೊಂಡು ಬಂದರು. ಸನ್ಯಾಸಿಯೂ ಅವಳ ಮನೆಯವರೂ ದೂರು ಕೊಟ್ಟರೆಂದು, ಗುರುತು ಸಿಗದಿರಲಿ ಎಂದು, ಮೈಯ ಚರ್ಮವನ್ನೆಲ್ಲ ಸುಲಿದುಹಾಕಿದರು. ಇದೂ ಆ ಪುಸ್ತಕದಲ್ಲೇ ಇದೆ. ಇನ್ನು ಮುಖಪುಟದ ಚಿತ್ರ. ಕಿಕ್ಕಿರಿದ ಗಂಡಸರ ನಡುವೆ, ಹೊಟ್ಟೆ ಸೀಳಿಸಿಕೊಂಡು ಬಿದ್ದಿರುವವಳು ಒಬ್ಬ ಹೆಂಗಸು. ಗಲ್ಲಿನಿಂದ ತಪ್ಪಿಸಿಕೊಳ್ಳಲು ತಾನು ಬಸುರಿ ಎಂದಿದ್ದ ಹೆಣ್ಣೊಬ್ಬಳನ್ನು ಸೂಲಗಿತ್ತಿಯರು ಪರೀಕ್ಷಿಸಿ ಸುಳ್ಳೆಂದರು, ನೇಣು ಹಾಕಿದರು, ಆಮೇಲೆ ತಾನು ಅವಳನ್ನು ಕೊಯ್ದೆ ಎನ್ನುತ್ತಾನೆ ವೆಸಾಲಿಯಸ್. ಹೊಟ್ಟೆಯಲ್ಲಿ ಮಗು ಇದ್ದಿದ್ದರೆ ಉಳಿಯುತ್ತಿದ್ದ ಒಂದು ಜೀವದ ಕೊನೆಯ ಬೇಡಿಕೆ ಜಗತ್ತಿನ ಅತಿ ಪ್ರಸಿದ್ಧ ಮುಖಪುಟದ ಶೋಭೆಯಾಯಿತು. ‘ಸುಂದರ ಸಂಯೋಜನೆ’ ಎನ್ನುವವರೇ, ಅವಳ ಹೆಸರೇನು?

ಈ ಪುಸ್ತಕದ ಬಗ್ಗೆ ವಿದ್ವಾಂಸರು ಏನೇನು ಕೆದಕಿಲ್ಲ! ಚಿತ್ರ ಬರೆದವನು ವರ್ಣಚಿತ್ರಕಾರ ಟಿಶಿಯನ್ನನ ಬಳಗದ ಯಾನ್ ವಾನ್ ಕಾಲ್ಕರನೋ ಬೇರೆಯವನೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅಚ್ಚಿನ ಮರದ ಹಲಗೆಗಳಿಗೂ ಜೀವನಚರಿತ್ರೆ ಇದೆ. ಅವನ್ನು ವೆನಿಸ್ಸಿನಿಂದ ಆಲ್ಪ್ಸ್ ದಾಟಿಸಿ ಬಾಸೆಲ್ಲಿಗೆ ತಂದದ್ದು, ಶತಮಾನಗಳ ನಂತರ ಅವು ಮ್ಯೂನಿಕ್ಕಿನಲ್ಲಿ ಸಿಕ್ಕಿದ್ದು, 1934ರಲ್ಲಿ ಅವುಗಳಿಂದ ಮತ್ತೆ ಅಚ್ಚು ತೆಗೆದದ್ದು, ಎರಡನೇ ಮಹಾಯುದ್ಧದ ಬಾಂಬಿಗೆ ಅವು ಸುಟ್ಟುಹೋದದ್ದು ಎಲ್ಲಕ್ಕೂ ದಾಖಲೆ ಉಂಟು. ಹಲಗೆ ಸುಟ್ಟದ್ದಕ್ಕೆ ಕಣ್ಣೀರಿಡುವ ಕಲಾಲೋಕ ಹಲಗೆಯ ಮೇಲೆ ಮೂಡಿದವರಿಗಾಗಿ ಒಂದು ಸಾಲೂ ಬರೆದಿಲ್ಲ.

ಇದಕ್ಕಿಂತ ಕ್ರೂರವಾದ ಉದಾಹರಣೆ 1747ರದು. ಲೈಡನ್ನಿನ ಪ್ರೊಫೆಸರ್ ಆಲ್ಬಿನಸ್ ಆ ವರ್ಷ ಹೊರತಂದ ಅಸ್ಥಿಸ್ನಾಯುಗಳ ಮಹಾಸಂಪುಟಕ್ಕೆ ಚಿತ್ರ ಬರೆದವನು ಯಾನ್ ವಾಂಡೆಲಾರ್. ಎರಡು ಫಲಕಗಳಲ್ಲಿ ಮನುಷ್ಯನ ಹಿಂದೆ ಘೇಂಡಾಮೃಗವೊಂದು ಮೇಯುತ್ತಾ ನಿಂತಿದೆ. ಅದರ ಹೆಸರು ಕ್ಲಾರಾ. ಭಾರತದಲ್ಲಿ ಹುಟ್ಟಿದ್ದು. ತಾಯಿಯನ್ನು ಬೇಟೆಗಾರರು ಕೊಂದ ಮೇಲೆ ಬಂಗಾಳದ ಡಚ್ ಅಧಿಕಾರಿಯೊಬ್ಬನ ಮನೆಯಲ್ಲಿ ಬೆಳೆಯಿತು. 1741ರಲ್ಲಿ ಹಡಗಿನ ಕ್ಯಾಪ್ಟನ್ ಡೌವೆ ಮೌಟ್ ಅದನ್ನು ರಾಟರ್‌ಡಾಮಿಗೆ ಸಾಗಿಸಿದ. ಯೂರೋಪಿನ ಊರೂರು ಸುತ್ತಿ, ಫ್ರಾನ್ಸಿನ ರಾಜನಿಂದ ನೋಡಿಸಿಕೊಂಡು, 1758ರಲ್ಲಿ ಲಂಡನ್ನಿನಲ್ಲಿ ಸತ್ತಿತು. ಒಂದು ಪ್ರಾಣಿಯ ಬಗ್ಗೆ ಇಷ್ಟೆಲ್ಲ ನಮಗೆ ಗೊತ್ತು. ಅದರ ಮುಂದೆ ನಿಂತ ಮನುಷ್ಯನ ಬಗ್ಗೆ? ಗಂಡಸು, ಮಧ್ಯಮ ಎತ್ತರ, ಅಂಗಾಂಗಗಳು ಅಳತೆಗೆ ತಕ್ಕಂತೆ. ಮುಗಿಯಿತು. ಭಾರತದ ಕಾಡಿನ ಮೃಗಕ್ಕೆ ವಂಶಾವಳಿ ಸಿಕ್ಕಿತು, ಲೈಡನ್ನಿನ ಮನುಷ್ಯನಿಗೆ ಅಳತೆ ಸಿಕ್ಕಿತು. ಈ ಫಲಕದ ಮುಂದೆ ನಿಂತು ‘ಮಾನವತಾವಾದದ ಕೃತಿ’ ಎನ್ನಲು ನಾಲಿಗೆ ಹೇಗೆ ಹೊರಳುತ್ತದೆ?

‘ಅಷ್ಟು ಹಳೆಯ ಹೆಸರುಗಳನ್ನು ಈಗ ಎಲ್ಲಿ ಹುಡುಕುವುದು?’ ಎಂಬುದು ಮುಂದಿನ ನೆಪ. ಹುಡುಕಿದರೆ ಸಿಗುತ್ತವೆ. ರೆಂಬ್ರಾಂಟ್ 1632ರಲ್ಲಿ ಬರೆದ, ಡಾಕ್ಟರ್ ಟುಲ್ಪ್ ಅವರ ಅಂಗರಚನಾ ಪಾಠದ ಚಿತ್ರ ಹೇಗ್ ನಗರದ ಮೌರಿಟ್ಸ್‌ಹೌಸ್ ಮ್ಯೂಸಿಯಮ್ಮಿನಲ್ಲಿದೆ. ಹೆಣದ ಸುತ್ತ ನೆರೆದವರು ತಮ್ಮ ಮುಖ ಚಿತ್ರದಲ್ಲಿ ಬರಲೆಂದು ದುಡ್ಡು ಕೊಟ್ಟ ಆಮ್‌ಸ್ಟರ್‌ಡಾಮಿನ ಗಣ್ಯರು. ಅವರ ಹೆಸರು ಮರೆಯಬಾರದೆಂದು ಒಬ್ಬನ ಕೈಯಲ್ಲಿರುವ ಹಾಳೆಯ ಮೇಲೆ ಯಾರೋ ಆಮೇಲೆ ಪಟ್ಟಿಯನ್ನೇ ಬರೆದಿದ್ದಾರೆ. ಮಲಗಿರುವವನ ಹೆಸರು ಆ ಪಟ್ಟಿಯಲ್ಲಿಲ್ಲ. ಆದರೆ ಅದು ಆ ಕಾಲದ ದಾಖಲೆಗಳಲ್ಲಿ ಉಳಿದಿತ್ತು: ಆಡ್ರಿಯಾನ್ ಆಡ್ರಿಯಾನ್ಸೂನ್, ಅಡ್ಡಹೆಸರು ಆರಿಸ್ ಕಿಂಡ್ಟ್, ದರೋಡೆಗಾಗಿ ಗಲ್ಲಿಗೇರಿದವನು. ಹುಡುಕಿದವರಿಗೆ ಸಿಕ್ಕಿತು. ಉಳಿದ ಸಾವಿರಾರು ಚಿತ್ರಗಳ ವಿಷಯದಲ್ಲಿ ಹೆಸರು ಸಿಗದಿರುವುದಕ್ಕೆ ಕಾಲವನ್ನು ದೂರುವ ಮೊದಲು, ಎಷ್ಟು ಮಂದಿ ಹುಡುಕಿದರು ಎಂಬ ಲೆಕ್ಕ ಕೊಡಲಿ.

ಈಗ ಹೆಂಗಸರ ವಿಷಯಕ್ಕೆ ಬರೋಣ. ಇಲ್ಲಿ ಈ ಸೌಂದರ್ಯಪೂಜೆಯ ನಿಜಬಣ್ಣ ಬಯಲಾಗುತ್ತದೆ. ವಿಲಿಯಂ ಹಂಟರ್ 1774ರಲ್ಲಿ ಹೊರತಂದ, ತುಂಬು ಗರ್ಭಕೋಶದ ಮೇಲಿನ ಪುಸ್ತಕದಲ್ಲಿ 34 ದೊಡ್ಡ ತಾಮ್ರಫಲಕಗಳಿವೆ. ಹೆಚ್ಚಿನ ಚಿತ್ರಗಳು ಯಾನ್ ವಾನ್ ರಿಮ್ಸ್‌ಡೈಕನವು. ಅಚ್ಚು ಹಾಕಿದವನು ಅಕ್ಷರವಿನ್ಯಾಸಕ್ಕೆ ಇಂದಿಗೂ ಹೆಸರಾದ ಬರ್ಮಿಂಗ್‌ಹ್ಯಾಮಿನ ಜಾನ್ ಬಾಸ್ಕರ್‌ವಿಲ್. ಅರ್ಪಣೆ ರಾಜ ಮೂರನೇ ಜಾರ್ಜನಿಗೆ. ಈ ಹಂಟರನೇ ರಾಣಿ ಷಾರ್ಲಟ್‌ಗೂ ವೈದ್ಯ. ಅರಮನೆಯ ಬಸುರಿಗೆ ಪರದೆ, ಬಡ ಬಸುರಿಯರಿಗೆ ತಾಮ್ರಫಲಕ. ಈ ಫಲಕಗಳಲ್ಲಿ ಮುಖವಿಲ್ಲ. ತೊಡೆಗಳನ್ನು ನಡುವೆಯೇ ಕತ್ತರಿಸಲಾಗಿದೆ. ಕಡಿದ ಕಡೆಯಲ್ಲಿ ಮೂಳೆಯೂ ಮಾಂಸವೂ ಕಸಾಯಿಖಾನೆಯಲ್ಲಿ ಕಾಣುವಂತೆ ಕಾಣುತ್ತವೆ. ಒಂದು ಫಲಕದಲ್ಲಿ ಭ್ರೂಣದ ಸುತ್ತಲ ಪೊರೆಯ ಮೇಲೆ ಕೋಣೆಯ ಕಿಟಕಿಯ ಬಿಂಬ ಹೊಳೆಯುತ್ತದೆ. ವಿಮರ್ಶಕರು ಆ ಕಿಟಕಿಯ ಬೆಳಕಿಗೆ ಮಾರುಹೋಗಿದ್ದಾರೆ. ಎಂತಹ ಸೂಕ್ಷ್ಮ ಕಣ್ಣು, ಎಂತಹ ಸತ್ಯನಿಷ್ಠೆ! ಕಿಟಕಿಯನ್ನೂ ಬಿಡದ ಆ ಸತ್ಯನಿಷ್ಠೆಗೆ ತಾಯಿಯ ಹೆಸರು ಮಾತ್ರ ಕಾಣಲಿಲ್ಲ. ಹೆರಿಗೆಗೆ ಮುನ್ನ ಸತ್ತ ಇಷ್ಟೊಂದು ಹೆಂಗಸರು ಒಬ್ಬನೇ ವೈದ್ಯನ ಮೇಜಿಗೆ ಹೇಗೆ ಬಂದರು, ಮಣ್ಣು ಮಾಡಲು ಅವರ ಮನೆಯವರಿಗೆ ಏನು ಸಿಕ್ಕಿತು? ಪುಸ್ತಕ ಬಾಯಿ ಬಿಡುವುದಿಲ್ಲ. ಬಾಸ್ಕರ್‌ವಿಲ್‌ನ ಅಕ್ಷರಗಳು ಮಾತ್ರ ಬಲು ಚೆಂದ.

ಮೇಣದ ಬೊಂಬೆಗಳದೂ ಇದೇ ಕತೆ. ಫ್ಲಾರೆನ್ಸಿನ ಲಾ ಸ್ಪೆಕೋಲಾ ಮ್ಯೂಸಿಯಮ್ಮಿನಲ್ಲಿ ಕ್ಲೆಮೆಂಟೆ ಸುಸಿನಿ 1780ರ ಸುಮಾರಿಗೆ ಮಾಡಿದ ‘ವೀನಸ್’ ಮಲಗಿದೆ. ಕೊರಳಲ್ಲಿ ಮುತ್ತಿನ ಸರ, ತಲೆಯಲ್ಲಿ ನಿಜವಾದ ಕೂದಲು, ಅರೆಮುಚ್ಚಿದ ಕಣ್ಣು. ಹೊಟ್ಟೆಯ ಮುಚ್ಚಳ ತೆಗೆದರೆ ಕರುಳು. ಹೆಣ ಬೇಗ ಕೊಳೆಯುವುದರಿಂದ ಇಂತಹ ಒಂದು ಮೈಗೆ ಆಸ್ಪತ್ರೆಯಿಂದ ಒಂದರ ಮೇಲೊಂದು ಶವ ತರಿಸಬೇಕಿತ್ತು. ಬಡ ರೋಗಿಗಳ ಮೈಗಳನ್ನು ಒಟ್ಟುಹಾಕಿ ಗಂಡಸಿನ ಕಣ್ಣಿಗೆ ಹಬ್ಬವಾಗುವ ಒಬ್ಬ ದೇವತೆಯನ್ನು ಮಾಡಿದರು. ಕರುಳು ತೋರಿಸುವುದಕ್ಕೆ ಮುತ್ತಿನ ಸರ ಏಕೆ ಬೇಕಿತ್ತು? ವಿಜ್ಞಾನ ಉತ್ತರ ಕೊಡಲಿ. ಅದಕ್ಕೆ ಆಗದಿದ್ದರೆ ಕಲೆಯಾದರೂ ಕೊಡಲಿ.

‘ಕಾಲವೇ ಹಾಗಿತ್ತು, ಇಂದಿನ ನೀತಿಯನ್ನು ಅಂದಿನವರ ಮೇಲೆ ಹೇರಬಾರದು’ ಎಂಬುದು ಎಲ್ಲರೂ ಒಪ್ಪಿಕೊಂಡಿರುವ ಅತಿ ಆರಾಮದ ವಾದ. ಇದು ಶುದ್ಧ ಸುಳ್ಳು. ಆ ಕಾಲದ ಜನಕ್ಕೆ ಇದು ಅನ್ಯಾಯವೆಂದು ಚೆನ್ನಾಗಿ ಗೊತ್ತಿತ್ತು. ಲಂಡನ್ನಿನ ಟೈಬರ್ನ್ ಗಲ್ಲುಗಂಬದ ಕೆಳಗೆ ಸತ್ತವನ ಬಂಧುಗಳೂ ಗೆಳೆಯರೂ ಶಸ್ತ್ರವೈದ್ಯರ ಆಳುಗಳ ಜೊತೆ ಕೈಕೈ ಮಿಲಾಯಿಸಿ ಹೆಣ ಬಿಡಿಸಿಕೊಳ್ಳುತ್ತಿದ್ದರು. ಸ್ಕಾಟ್ಲೆಂಡಿನಲ್ಲಿ ಗೋರಿಗಳಿಗೆ ಕಬ್ಬಿಣದ ಪಂಜರ ಹಾಕಿಸುತ್ತಿದ್ದರು. ನ್ಯೂಯಾರ್ಕಿನಲ್ಲಿ 1788ರಲ್ಲಿ ಹೆಣಗಳ್ಳತನದ ವಿರುದ್ಧ ದೊಂಬಿಯೇ ಎದ್ದಿತು. ಬ್ರಿಟನ್ನಿನ 1752ರ ಕೊಲೆ ಕಾಯಿದೆಯಂತೂ ಕೊಲೆಗಾರನ ಶವವನ್ನು ಛೇದಿಸದೆ ಅಥವಾ ಸರಪಳಿಯಲ್ಲಿ ನೇತುಹಾಕದೆ ಮಣ್ಣು ಮಾಡಕೂಡದೆಂದಿತು. ಅಂದರೆ ಶವಚ್ಛೇದನ ಗಲ್ಲಿಗಿಂತ ಘೋರವಾದ ಶಿಕ್ಷೆ ಎಂದು ಕಾನೂನೇ ಸಾರಿತ್ತು. ಹಾಗಿರುವಾಗ ‘ಅಂದಿನವರಿಗೆ ತಪ್ಪೆನಿಸಿರಲಿಲ್ಲ’ ಎನ್ನುವವರು ಯಾರನ್ನು ಅಂದಿನವರೆಂದು ಎಣಿಸುತ್ತಿದ್ದಾರೆ? ಚಾಕು ಹಿಡಿದವರನ್ನು ಮಾತ್ರ. ಚಾಕುವಿನ ಕೆಳಗಿದ್ದವರೂ ಅದೇ ಕಾಲದಲ್ಲಿ ಬದುಕಿದ್ದರು.

ಚಾರ್ಲ್ಸ್ ಬರ್ನ್ ಎಂಬ ಐರಿಷ್ ತರುಣ ಇದಕ್ಕೆ ಸಾಕ್ಷಿ. ಏಳೂವರೆ ಅಡಿ ಎತ್ತರದ ಈತನಿಗೆ ತಾನು ಸತ್ತರೆ ವೈದ್ಯರು ಬಿಡುವುದಿಲ್ಲವೆಂಬ ಭಯ. ಶವಪೆಟ್ಟಿಗೆಯನ್ನು ಸಮುದ್ರಕ್ಕೆ ಹಾಕಿ ಎಂದು ಗೆಳೆಯರನ್ನು ಕೇಳಿಕೊಂಡಿದ್ದ. 1783ರಲ್ಲಿ ಅವನು ಸತ್ತಾಗ ವಿಲಿಯಂ ಹಂಟರನ ತಮ್ಮ ಜಾನ್ ಹಂಟರ್ ಲಂಚ ಕೊಟ್ಟು ಹೆಣ ದಕ್ಕಿಸಿಕೊಂಡ, ಬೇಯಿಸಿ ಮೂಳೆ ಬಿಡಿಸಿದ. ಜೋಷುವಾ ರೆನಾಲ್ಡ್ಸ್ ಬರೆದ ಜಾನ್ ಹಂಟರನ ಭಾವಚಿತ್ರವನ್ನು ನೋಡಿ. ಮೂಲೆಯಲ್ಲಿ ನೇತಾಡುವ ಎರಡು ಮೂಳೆಪಾದಗಳು ಬರ್ನ್‌ನವು. ಅವನು ಬೇಡವೆಂದದ್ದು ಎಲ್ಲರಿಗೂ ಗೊತ್ತಿತ್ತು. ಆದರೂ ಅವನ ಪಾದಗಳು ಮತ್ತೊಬ್ಬನ ಕೀರ್ತಿಗೆ ಅಲಂಕಾರವಾದವು. ಲಂಡನ್ನಿನ ಹಂಟೇರಿಯನ್ ಮ್ಯೂಸಿಯಂ ಆ ಅಸ್ಥಿಪಂಜರವನ್ನು ಪ್ರದರ್ಶನದಿಂದ ತೆಗೆದದ್ದು 2023ರಲ್ಲಿ. ಸಮುದ್ರಕ್ಕೆ ಮಾತ್ರ ಅದನ್ನು ಇನ್ನೂ ಬಿಟ್ಟಿಲ್ಲ.

‘ಹೇಗೇ ಬಂದಿರಲಿ, ಈ ಚಿತ್ರಗಳು ಸತ್ಯವನ್ನು ತೋರಿಸಿದವು’ ಎಂಬ ವಾದವೂ ನಿಲ್ಲುವುದಿಲ್ಲ. ಕೊಯ್ದದ್ದು ಬಡವರ, ಅಪರಾಧಿಗಳ, ಅನಾಥರ ಮೈ. ಬರೆದದ್ದು ಗ್ರೀಕ್ ದೇವರ ಮೈ. ವೆಸಾಲಿಯಸ್ ಕರುಳು ತೋರಿಸುವಾಗ ಅದನ್ನು ಪುರಾತನ ಶಿಲ್ಪದ ಮುಂಡದೊಳಗೆ ಜೋಡಿಸಿ ತೋರಿಸಿದ. ಆಲ್ಬಿನಸ್ ತಾನು ಆರಿಸಿದ ಅಸ್ಥಿಪಂಜರದ ಕುಂದುಗಳನ್ನು ಚಿತ್ರದಲ್ಲಿ ತಿದ್ದಿಸಿದ. ಪ್ಯಾರಿಸ್ಸಿನಲ್ಲಿ 1759ರಲ್ಲಿ ಬಂದ ಹೆಣ್ಣಿನ ಅಸ್ಥಿಪಂಜರದ ಚಿತ್ರದಲ್ಲಿ ತಲೆಬುರುಡೆ ಪುಟ್ಟದಾಯಿತು, ಸೊಂಟ ಅಗಲವಾಯಿತು; ಹೆಣ್ಣಿಗೆ ಬುದ್ಧಿ ಕಮ್ಮಿ, ಹೆರುವುದೇ ಕೆಲಸ ಎನ್ನುವವರಿಗೆ ಪುರಾವೆ ಸಿಕ್ಕಿತು. ಹಸಿವಿನ ಗುರುತು, ನೇಣಿನ ಗುರುತು, ದುಡಿಮೆಯ ಗುರುತು ಎಲ್ಲವನ್ನೂ ಒರೆಸಿಹಾಕುವುದಕ್ಕೆ ಸತ್ಯವೆನ್ನುತ್ತೀರಾ? ಒಬ್ಬ ಕಲಾವಿದ ಒರೆಸದೆ ಬಿಟ್ಟಿದ್ದ. 1685ರಲ್ಲಿ ಬಿಡ್ಲೂ ಎಂಬ ವೈದ್ಯನ ಪುಸ್ತಕಕ್ಕೆ ಚಿತ್ರ ಬರೆದ ಗೆರಾರ್ಡ್ ಡಿ ಲೈರೆಸ್ ಚರ್ಮ ಹಿಡಿದಿಟ್ಟ ಗುಂಡುಸೂಜಿ, ಮೈ ಕಟ್ಟಿದ ಹಗ್ಗ, ಹೆಣದ ಮೇಲೆ ಕೂತ ನೊಣವನ್ನೂ ಬರೆದ. ಮೇಜಿನ ಮೇಲೆ ಇರುವುದು ಹೆಣ ಎಂಬುದನ್ನು ಮುಚ್ಚಿಡದ ಆ ಚಿತ್ರಗಳು ಟೀ ಶರ್ಟಿನ ಮೇಲೆ ಬರುವುದು ಅಪರೂಪ. ನಮಗೆ ಬೇಕಾದದ್ದು ನೊಣವಿಲ್ಲದ ಸತ್ಯ.

ಹತ್ತೊಂಬತ್ತನೇ ಶತಮಾನಕ್ಕೆ ಬಂದರೆ ಪಾಪ ಇನ್ನಷ್ಟು ಸಭ್ಯವಾಗುತ್ತದೆ. ಎಡಿನ್‌ಬರೋದಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು 1828ರಲ್ಲಿ 16 ಜನರನ್ನು ಕೊಂದು ಹೆಣಗಳನ್ನು ಅಂಗರಚನೆಯ ಅಧ್ಯಾಪಕನಿಗೆ ಮಾರಿದ್ದು ಬಯಲಾಯಿತು. ಪರಿಹಾರವೆಂದು ಬ್ರಿಟನ್ 1832ರಲ್ಲಿ ಅಂಗರಚನಾ ಕಾಯಿದೆ ತಂದಿತು. ಬಡವರ ವಸತಿಗಳಲ್ಲಿ, ಆಸ್ಪತ್ರೆಗಳಲ್ಲಿ ಸತ್ತು, ಯಾರೂ ಕೇಳಿ ಬಾರದ ಶವಗಳು ವೈದ್ಯಶಾಲೆಗಳಿಗೆ. ಎಂಬತ್ತು ವರ್ಷ ಕೊಲೆಗೆ ಶಿಕ್ಷೆಯಾಗಿದ್ದದ್ದು ಒಂದೇ ಏಟಿಗೆ ಬಡತನಕ್ಕೆ ಶಿಕ್ಷೆಯಾಯಿತು. ಆ ಕಾಯಿದೆಯ ನೆರಳಲ್ಲೇ 1858ರಲ್ಲಿ ‘ಗ್ರೇಸ್ ಅನಾಟಮಿ’ ಹುಟ್ಟಿತು. ಬರೆದವನು ಹೆನ್ರಿ ಗ್ರೇ, ಚಿತ್ರ ಹೆನ್ರಿ ವ್ಯಾಂಡೈಕ್ ಕಾರ್ಟರನದು. ಅದೇ ವರ್ಷ ಕಾರ್ಟರ್ ಮುಂಬಯಿಗೆ ಬಂದ, ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿದ, ಕುಷ್ಠರೋಗದ ಮೇಲೆ ಕೆಲಸ ಮಾಡಿದ. ಗ್ರೇ ಇವನ ಹೆಸರನ್ನು ಮುಖಪುಟದಲ್ಲಿ ಚಿಕ್ಕ ಅಕ್ಷರಕ್ಕೆ ಇಳಿಸಿದನೆಂದು, ರಾಯಧನವೆಲ್ಲ ಗ್ರೇಗೆ ಹೋಗಿ ಇವನಿಗೆ ಇಡಿಗಂಟು ಮಾತ್ರ ಸಿಕ್ಕಿತೆಂದು ಇಂದಿನ ಲೇಖಕರು ಮರುಗುತ್ತಾರೆ. ನ್ಯಾಯವೇ. ಆದರೆ ಇಬ್ಬರು ಹೆನ್ರಿಗಳ ನಡುವಿನ ಈ ಅಕ್ಷರ ಗಾತ್ರದ ಜಗಳದಲ್ಲಿ ಮೂರನೆಯವರೊಬ್ಬರು ಇದ್ದಾರೆಂಬುದೇ ಮರೆತುಹೋಗಿದೆ. ಆ ಮೂರನೆಯವರಿಗೆ ಚಿಕ್ಕ ಅಕ್ಷರವೂ ಇಲ್ಲ, ಇಡಿಗಂಟೂ ಇಲ್ಲ.

ಈ ಹಾದಿಯ ಕೊನೆಯಲ್ಲಿ ನಿಂತಿರುವುದು ವಿಯೆನ್ನಾದ ಎಡ್ವರ್ಡ್ ಪೆರ್ನ್‌ಕೋಫ್. ನಾಜಿ ಪಕ್ಷದವನು. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ ಕೂಡಲೇ ವೈದ್ಯಕೀಯ ವಿಭಾಗದ ಡೀನ್ ಆದ. ಯೆಹೂದಿ ಸಹೋದ್ಯೋಗಿಗಳನ್ನು ಓಡಿಸಿದ. ಅವನ ಅಂಗರಚನಾ ಸಂಪುಟಕ್ಕೆ ಅವನ ಬಳಗದ ಕಲಾವಿದರು ಬರೆದ ಬಣ್ಣದ ಚಿತ್ರಗಳಿಗೆ ಇಂದಿಗೂ ಸಾಟಿಯಿಲ್ಲ ಎನ್ನುತ್ತಾರೆ ಶಸ್ತ್ರವೈದ್ಯರು. ಆ ಕಲಾವಿದರಿಗೆ ತಮ್ಮ ಪಕ್ಷದ ಮೇಲೆ ಎಷ್ಟು ಹೆಮ್ಮೆಯೆಂದರೆ ಎರಿಕ್ ಲೆಪಿಯರ್ ತನ್ನ ಸಹಿಯಲ್ಲಿ ಸ್ವಸ್ತಿಕ ಸೇರಿಸಿದ, ಕಾರ್ಲ್ ಎಂಡ್‌ಟ್ರೆಸ್ಸರ್ ತನ್ನ ಹೆಸರಿನ ಜೋಡಕ್ಷರವನ್ನು ಎಸ್‌ಎಸ್ ಪಡೆಯ ಮಿಂಚಿನ ಗುರುತಾಗಿ ಬರೆದ. ವಿಯೆನ್ನಾ ವಿಶ್ವವಿದ್ಯಾಲಯ 1990ರ ದಶಕದ ಕೊನೆಯಲ್ಲಿ ತನಿಖೆ ಮಾಡಿದಾಗ, ನಾಜಿ ಆಡಳಿತದಲ್ಲಿ ಮರಣದಂಡನೆಗೊಳಗಾದ ಕನಿಷ್ಠ 1,377 ಜನರ ದೇಹಗಳು ಅವನ ಅಂಗರಚನಾ ಸಂಸ್ಥೆಗೆ ಬಂದಿದ್ದವೆಂದು ಕಂಡುಬಂತು. ಅವರಲ್ಲಿ ಬಹಳ ಮಂದಿಯ ಅಪರಾಧ ಹಿಟ್ಲರನನ್ನು ವಿರೋಧಿಸಿದ್ದು.

ಯುದ್ಧ ಮುಗಿದ ಮೇಲೆ ಪ್ರಕಾಶಕರು ಏನು ಮಾಡಿದರು ಗೊತ್ತೇ? ಸಹಿಯಲ್ಲಿದ್ದ ಸ್ವಸ್ತಿಕವನ್ನು ಅಳಿಸಿದರು. ಚಿತ್ರ ಹಾಗೇ ಉಳಿಯಿತು. ದಶಕಗಳ ಕಾಲ ಜಗತ್ತಿನ ವೈದ್ಯರು ಅದನ್ನು ಮೇರುಕೃತಿ ಎಂದು ಮೇಜಿನ ಮೇಲಿಟ್ಟುಕೊಂಡರು. ‘ಕಲೆಯನ್ನು ಕಲೆಯಾಗಿ ನೋಡಿ’ ಎಂಬ ಉಪದೇಶದ ನಿಜವಾದ ಅರ್ಥ ಇಲ್ಲಿದೆ: ಗುರುತು ಅಳಿಸಿ, ಸೊಬಗು ಉಳಿಸಿ. ಪೆರ್ನ್‌ಕೋಫನನ್ನು ಮಾತ್ರ ಪಾಪಿ ಎಂದು ಬೇರೆ ಇಟ್ಟು, ವೆಸಾಲಿಯಸ್ಸನನ್ನೂ ಹಂಟರನನ್ನೂ ಗೂಡಿನಲ್ಲಿಟ್ಟು ಪೂಜಿಸುವುದು ಸುಲಭ. ಆದರೆ ಗಲ್ಲುಗಂಬದಿಂದ ನೇರ ಮೇಜಿಗೆ ಎಂಬ ದಾರಿಯನ್ನು ಕಡಿದುಕೊಟ್ಟವರು ಯಾರು? ಪಡುವಾದ ನ್ಯಾಯಾಧೀಶನೊಬ್ಬ ವೆಸಾಲಿಯಸ್ಸನ ಪಾಠಕ್ಕೆ ಅನುಕೂಲವಾಗುವಂತೆ ಗಲ್ಲಿನ ದಿನಗಳನ್ನೇ ಹೊಂದಿಸಿಕೊಟ್ಟಿದ್ದ. ವಿಯೆನ್ನಾದಲ್ಲಿ ನಡೆದದ್ದು ಅದರ ಕಾರ್ಖಾನೆ ರೂಪ.

‘ಹಾಗಾದರೆ ಎಲ್ಲವನ್ನೂ ಸುಟ್ಟುಬಿಡಬೇಕೇ?’ ಎಂದು ಈಗ ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಬೇಕಿಲ್ಲದವರ ಪ್ರಶ್ನೆ ಅದು. ಸುಡುವ ಮಾತನ್ನು ಯಾರೂ ಆಡುತ್ತಿಲ್ಲ. ದಾರಿ ಆಗಲೇ ತೋರಿಸಿದ್ದಾರೆ. ಪೆರ್ನ್‌ಕೋಫನ ಚಿತ್ರಗಳನ್ನು ಆಪರೇಷನ್ನಿನಲ್ಲಿ ಬಳಸಬಹುದೇ ಎಂದು ಅಮೆರಿಕದ ನರ ಶಸ್ತ್ರವೈದ್ಯೆ ಸೂಸನ್ ಮ್ಯಾಕಿನನ್ ತಳಮಳಗೊಂಡು ಕೇಳಿದಾಗ, ಬಾಲ್ಯದಲ್ಲೇ ನಾಜಿ ಶಿಬಿರ ಕಂಡು ಬದುಕುಳಿದ ಯೆಹೂದಿ ಧರ್ಮಗುರು, ರಬ್ಬಿ ಜೋಸೆಫ್ ಪೋಲಾಕ್ 2017ರಲ್ಲಿ ತೀರ್ಪು ಬರೆದರು. ಪ್ರಾಣ ಉಳಿಸಲು ಬಳಸಬಹುದು. ಆದರೆ ಆ ಚಿತ್ರ ಎಲ್ಲಿಂದ ಬಂತೆಂಬುದು ಬಳಸುವವರೆಲ್ಲರಿಗೂ ತಿಳಿದಿರಬೇಕು. ಅದೇ ನಾಜಿಗಳ ಕೈಯಲ್ಲಿ ನರಳಿದ ಸಮುದಾಯದ ಹಿರಿಯರೊಬ್ಬರು ಇಷ್ಟು ಉದಾರವಾಗಿ, ಇಷ್ಟು ಖಚಿತವಾಗಿ ಹೇಳಿರುವಾಗ, ಟೀ ಶರ್ಟ್ ಮಾರುವವರಿಗೂ ಮುನ್ನುಡಿ ಬರೆಯುವವರಿಗೂ ಒಂದು ಸಾಲು ಸೇರಿಸಲು ಏನು ಕಷ್ಟ?

‘ಇದೆಲ್ಲ ಹಳೆಯ ಕತೆ’ ಎನ್ನುವವರಿಗೆ ಹೊಸ ಕತೆ. ತನ್ನ ಚರ್ಮವನ್ನು ತಾನೇ ಕೈಯಲ್ಲಿ ಹಿಡಿದ ಗಂಡಸಿನ ಚಿತ್ರ ವಾಲ್ವೆರ್ಡೆ ಎಂಬ ಸ್ಪೇನಿನ ವೈದ್ಯನ 1556ರ ಪುಸ್ತಕದಲ್ಲಿತ್ತು. ನಮ್ಮ ಕಾಲದಲ್ಲಿ ಪ್ಲಾಸ್ಟಿಕ್ ತುಂಬಿದ ನಿಜವಾದ ಹೆಣಗಳನ್ನು ಅದೇ ಭಂಗಿಯಲ್ಲಿ ನಿಲ್ಲಿಸಿ, ಟಿಕೆಟ್ ಹಚ್ಚಿ, ಕಲೆಯೆಂದು ತೋರಿಸುತ್ತಿದ್ದಾರೆ. ಇಂತಹ ಪ್ರದರ್ಶನ ನಡೆಸುತ್ತಿದ್ದ ಒಂದು ಕಂಪನಿಯನ್ನು ನ್ಯೂಯಾರ್ಕಿನ ಅಟಾರ್ನಿ ಜನರಲ್ 2008ರಲ್ಲಿ ಹಿಡಿದು ಕೇಳಿದಾಗ, ಆ ಚೀನೀ ದೇಹಗಳು ಮರಣದಂಡನೆಗೊಳಗಾದ ಕೈದಿಗಳವಲ್ಲವೆಂದು ಖಾತ್ರಿ ಕೊಡಲು ಅದಕ್ಕಾಗಲಿಲ್ಲ. ಹಾಗೆಂದು ಪ್ರದರ್ಶನದಲ್ಲೇ ಫಲಕ ಹಾಕಬೇಕಾಯಿತು. ಭಂಗಿ ಹಳೆಯದು, ಭಂಡತನ ಅದಕ್ಕಿಂತ ಹಳೆಯದು.

ನಾವೇನೂ ದೂರದಲ್ಲಿ ನಿಂತು ಯೂರೋಪಿಗೆ ಬುದ್ಧಿ ಹೇಳುವಷ್ಟು ಶುಭ್ರರಲ್ಲ. 1985ರಲ್ಲಿ ಸರ್ಕಾರ ನಿಷೇಧಿಸುವ ತನಕ ಜಗತ್ತಿಗೆ ಅತಿ ಹೆಚ್ಚು ಮನುಷ್ಯರ ಅಸ್ಥಿಪಂಜರಗಳನ್ನು ರಫ್ತು ಮಾಡುತ್ತಿದ್ದ ದೇಶ ಭಾರತ. ಯೂರೋಪು, ಅಮೆರಿಕಗಳ ಕಾಲೇಜುಗಳಲ್ಲಿ ಚಿತ್ರ ಬಿಡಿಸಲು, ಪಾಠ ಹೇಳಲು ನೇತುಹಾಕಿದ ಎಷ್ಟೋ ಮೂಳೆಗಳು ನಮ್ಮ ಬಡವರವು. ನಮ್ಮದೇ ರಾಜ್ಯದ 1957ರ ಅಂಗರಚನಾ ಕಾಯಿದೆ 1832ರ ಬ್ರಿಟಿಷ್ ಕಾಯಿದೆಯ ಮೊಮ್ಮಗು; ವಾರಸುದಾರರಿಲ್ಲದ ಶವ ಕಾಲೇಜಿಗೆ ಎಂಬುದೇ ಅದರ ತಿರುಳು. ಎಂಬಿಬಿಎಸ್ ಮೊದಲ ವರ್ಷದ ಮಕ್ಕಳಿಗೆ ಈಗ ‘ಶವವೇ ನಿಮ್ಮ ಮೊದಲ ಗುರು’ ಎಂದು ಕಲಿಸುತ್ತಾರೆ, ಪ್ರತಿಜ್ಞೆ ಮಾಡಿಸುತ್ತಾರೆ. ಚೆನ್ನಾಗಿದೆ. ಆದರೆ ಎಂತಹ ಶಿಷ್ಯರು ನಾವು! ಗುರುವಿನ ಊರು ಕೇಳುವುದಿಲ್ಲ, ಹೆಸರು ಕೇಳುವುದಿಲ್ಲ, ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಸತ್ತು ಇಲ್ಲಿಗೆ ಬಂದದ್ದು ಹೇಗೆಂದು ಕೇಳುವುದಿಲ್ಲ. ಹೂವಿಟ್ಟು ಕೈಮುಗಿದು ಚಾಕು ತೆಗೆದುಕೊಳ್ಳುತ್ತೇವೆ.

ಬೇರೆ ದಾರಿಯೂ ಇಲ್ಲೇ ಇದೆ. ಬೆಳಗಾವಿಯಲ್ಲಿ 2010ರಲ್ಲಿ ವೈದ್ಯರೊಬ್ಬರು ದೇಹದಾನ ಮಾಡಿದ್ದ ತಮ್ಮ ತಂದೆಯ ದೇಹವನ್ನು, ತಂದೆಯ ಇಚ್ಛೆಯಂತೆಯೇ, ವಿದ್ಯಾರ್ಥಿಗಳ ಎದುರು ತಾವೇ ಛೇದಿಸಿ ಪಾಠ ಮಾಡಿದರು. ಆ ಮೇಜಿನ ಮೇಲೆ ಮಲಗಿದ್ದವರಿಗೆ ಹೆಸರಿತ್ತು, ಮಗನಿದ್ದ, ಬದುಕಿದ್ದಾಗ ಆಡಿದ ಮಾತಿತ್ತು. ವಿಜ್ಞಾನಕ್ಕೆ ಅದರಿಂದ ಒಂದು ಕೂದಲೂ ಕೊಂಕಲಿಲ್ಲ. ‘ಕೇಳುತ್ತಾ ಕೂತರೆ ಕಲಿಯುವುದು ಹೇಗೆ?’ ಎಂದು ಐದು ಶತಮಾನ ಗೊಣಗಿದವರಿಗೆ ಬೆಳಗಾವಿಯ ಆ ತಂದೆ ಕೊಟ್ಟ ಉತ್ತರ ಸಾಕು.

ಆದ್ದರಿಂದ ಬೇಡಿಕೆಗಳನ್ನು ನೇರವಾಗಿಯೇ ಇಡುತ್ತೇನೆ. ಅಂಗರಚನಾ ಚಿತ್ರವನ್ನು ಅಚ್ಚು ಹಾಕುವ ಪ್ರತಿ ಪ್ರಕಾಶಕ, ತೂಗುಹಾಕುವ ಪ್ರತಿ ಮ್ಯೂಸಿಯಂ, ಕಲಾವಿದನ ಹೆಸರಿನ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ, ಆ ದೇಹ ಯಾರದು, ಹೇಗೆ ಬಂತು ಎಂದು ಬರೆಯಬೇಕು. ನಮ್ಮ ಕಲಾಶಾಲೆಗಳು ವೆಸಾಲಿಯಸ್ಸನ ಚಿತ್ರವನ್ನು ನಕಲು ಮಾಡಿಸುವ ಮುನ್ನ ವೆಸಾಲಿಯಸ್ಸನ ಕಳ್ಳತನದ ಪಾಠವನ್ನೂ ಹೇಳಬೇಕು. ನಮ್ಮ ವೈದ್ಯಕೀಯ ಕಾಲೇಜುಗಳು ತಮಗೆ ಬಂದ ಪ್ರತಿ ಅನಾಥ ಶವದ ಬಗ್ಗೆ ತಿಳಿದಷ್ಟನ್ನು ದಾಖಲಿಸಿ, ಆ ದಾಖಲೆಯನ್ನು ವಿದ್ಯಾರ್ಥಿಗಳ ಮುಂದಿಡಬೇಕು. ವರ್ಷಕ್ಕೊಮ್ಮೆ ಅವರನ್ನು ಬಹಿರಂಗವಾಗಿ ನೆನೆಯಬೇಕು. ಒಪ್ಪಿಗೆಯಿಲ್ಲದ ದೇಹಗಳ ಮೇಲಿನ ಅವಲಂಬನೆಗೆ ಸರ್ಕಾರ ಗಡುವು ಹಾಕಿ, ದೇಹದಾನವನ್ನೇ ನಿಯಮ ಮಾಡಬೇಕು.

ಓದುಗರೇ, ನಿಮ್ಮ ಪಾಲಿನ ಕೆಲಸ ಚಿಕ್ಕದು. ಈ ಚಿತ್ರ ಗೋಡೆಗೆ ಚೆಂದ ಎಂದು ಯಾರಾದರೂ ಕೈಗಿಟ್ಟಾಗ, ಬೆಲೆ ಕೇಳುವ ಮೊದಲು, ಇದು ಯಾರ ಮೈ ಎಂದು ಕೇಳಿ. ಹೆಸರಿದ್ದರೆ ಹಾಕಲಿ. ಇಲ್ಲದಿದ್ದರೆ, ಈ ಮೈಯನ್ನು ಕೇಳದೆ ತರಲಾಗಿತ್ತು ಎಂದಾದರೂ ಬರೆಯಲಿ. ಅಷ್ಟನ್ನೂ ಬರೆಯಲೊಲ್ಲದ ಪುಸ್ತಕವನ್ನು ಕೊಳ್ಳಬೇಡಿ, ಅಂತಹ ಪ್ರದರ್ಶನಕ್ಕೆ ಟಿಕೆಟ್ ತೆಗೆಯಬೇಡಿ.